ಕೊನೆಯ ಟ್ರಿಪ್ಪು ಯಾರ ಲೆಕ್ಕಕ್ಕೆ?

ತಿಂಗಳ ಮೊದಲ ವಾರ. ಮಂಗಳೂರಿನ ಪಾಂಡೇಶ್ವರದ ಹೆಡ್ ಪೋಸ್ಟಾಫೀಸಿನಲ್ಲಿ ಬಡ್ಡಿಗಾಗಿ ಬಂದ ಹಿರಿಯರ ಸಾಲು ಕರಗುವಾಗ ಗಂಟೆ ಹನ್ನೆರಡು ದಾಟಿತ್ತು. ಸಾಲಿನಿಂದ ಹೊರಬಿದ್ದ ಇಬ್ಬರು ಹತ್ತಿರದ ಹೋಟೆಲು ಹೊಕ್ಕು ಬನ್ಸು, ಚಾ ಹೇಳಿದರು. ಒಬ್ಬರು ಅಂಚೆ ಇಲಾಖೆಗೆ ಸಾರ್ಟರ್ ಆಗಿ ಸೇರಿ, ಘಟ್ಟದ ಬುಡದ ಊರುಗಳಲ್ಲಿ ಪೋಸ್ಟ್‌ಮಾಸ್ಟರ್ ಆಗಿದ್ದು ನಿವೃತ್ತರಾದವರು. ಇನ್ನೊಬ್ಬರು ಒಂದು ಕಾಲದಲ್ಲಿ ಮೂರು ಸರ್ವಿಸ್ ಬಸ್ಸುಗಳ ಧಣಿ. ಈಗ ಬಸ್ಸೂ ಇಲ್ಲ, ಪರ್ಮಿಟ್ಟೂ ಇಲ್ಲ. ಬಸ್ಸಿನವರ ಅಂಗಿಯ ಕಿಸೆಯಿಂದ ಒಂದು ಉದ್ದದ ಲಕೋಟೆ ಇಣುಕುತ್ತಿತ್ತು.

ಬಸ್ಸಿನವರು: ಮಾಸ್ಟ್ರೇ, ಇದನ್ನು ಡೆನ್ಮಾರ್ಕಿಗೆ ಕಳಿಸಬೇಕು. ಪೋಸ್ಟಿನಲ್ಲಿ ಹಾಕುವುದಾ, ಕೊರಿಯರಿಗೆ ಕೊಡುವುದಾ?

ಟಪಾಲಿನವರು: ಮಗಳಿಗಾ? ಒಳಗೆ ಎಂತ ಉಂಟು?

ಬಸ್ಸಿನವರು: ಬರೀ ಕಾಗದ. ಅಮ್ಮ ಬರೆದದ್ದು. ತೊಂಬತ್ತೊಂದು ವರ್ಷ ಆಯ್ತು, ಕೈ ನಡುಗ್ತದೆ, ಅಕ್ಷರ ಇರುವೆ ಸಾಲಿನ ಹಾಗೆ ಹೋಗ್ತದೆ. ಆದರೂ ಫೋನಿನಲ್ಲಿ ಹೇಳಿದ್ದು ಹೇಳಿದ ಹಾಗೆ ಅಲ್ಲವಂತೆ. ಕೊರಿಯರಿನವ ಎರಡು ಸಾವಿರದ ಚಿಲ್ಲರೆ ಹೇಳಿದ. ಅಷ್ಟು ಕೊಟ್ಟದ್ದು ಅಮ್ಮನಿಗೆ ಗೊತ್ತಾದರೆ ಮತ್ತೊಂದು ಕಾಗದ ನನಗೇ ಬರೆದಾರು. ಪೋಸ್ಟಿನಲ್ಲಿ ಹಾಕ್ತೇನೆ ಅಂತ ನಿನ್ನೆ ಮಗಳಿಗೆ ಹೇಳಿದರೆ ಅವಳು, "ಪಪ್ಪ, ಇಲ್ಲಿ ಪೋಸ್ಟಿನವರು ಕಾಗದ ಹಂಚುವುದನ್ನೇ ಬಿಟ್ಟಿದ್ದಾರೆ" ಅನ್ನುತ್ತಾಳೆ. ನಾನು ತಮಾಷೆ ಅಂದುಕೊಂಡೆ.

ಟಪಾಲಿನವರು: ತಮಾಷೆ ಅಲ್ಲ ಮಾರಾಯ್ರೆ. 2025ರ ಡಿಸೆಂಬರ್ 30ಕ್ಕೆ ಅಲ್ಲಿಯ ಪೋಸ್ಟ್‌ನಾರ್ಡ್ ಕೊನೆಯ ಕಾಗದ ಹಂಚಿ ಕೈತೊಳೆದುಕೊಂಡಿತು. 1624ರಲ್ಲಿ ಅವರ ರಾಜ ಶುರು ಮಾಡಿದ ಟಪಾಲು, ನಾನ್ನೂರು ವರ್ಷದ್ದು. ರಸ್ತೆ ಬದಿಯ ಸಾವಿರದೈನೂರು ಕೆಂಪು ಡಬ್ಬಗಳನ್ನು ಕಿತ್ತರು. ಅಷ್ಟೇ ಜನರ ಕೆಲಸವೂ ಹೋಯಿತು. ಪೋಸ್ಟ್‌ನಾರ್ಡ್ ಇನ್ನು ಮೇಲೆ ಪಾರ್ಸೆಲ್ ಮಾತ್ರ ಒಯ್ಯುವುದು.

ಬಸ್ಸಿನವರು: ಹಾಗಾದರೆ ಅಮ್ಮನ ಕಾಗದ ಸಮುದ್ರಕ್ಕಾ?

ಟಪಾಲಿನವರು: ಇಲ್ಲ, ಇಲ್ಲ. ಡಾವೋ ಅಂತ ಒಂದು ಖಾಸಗಿ ಕಂಪನಿ ಉಂಟು, ಅದು ಹಂಚುತ್ತದೆ. ಅದರ ಮೂಲ ಕಸುಬು ಎಂತ ಗೊತ್ತುಂಟಾ? ಮನೆಮನೆಗೆ ಪೇಪರ್ ಹಾಕುವುದು.

ಬಸ್ಸಿನವರು: ನೋಡಿ! ಬೆಳಗ್ಗೆ ಪೇಪರ್ ಹಾಕುವ ಹುಡುಗ ಸೈಕಲಿನಲ್ಲಿ ಕಾಗದವನ್ನೂ ಕೊಟ್ಟು ಹೋಗುತ್ತಾನೆ. ಇಷ್ಟು ಸುಲಭದ ಕೆಲಸಕ್ಕೆ ನೀವು ಒಂದು ಇಲಾಖೆ, ಒಂದು ಮಂತ್ರಿ, ಇಷ್ಟು ದೊಡ್ಡ ಕಟ್ಟೋಣ. ಸ್ಪರ್ಧೆ ಬಂದರೆ ಹೀಗೆ, ಕೆಲಸ ಮಾಡುವವ ಉಳಿಯುತ್ತಾನೆ.

ಟಪಾಲಿನವರು: ಸುಲಭವೋ ಕಷ್ಟವೋ ಆಮೇಲೆ ನೋಡುವ. ಅಲ್ಲಿ ಕಾಗದವನ್ನು ಕೊಂದದ್ದು ಸ್ಪರ್ಧೆ ಮಾತ್ರ ಅಲ್ಲ. 2000ದಲ್ಲಿ ಆ ಸಣ್ಣ ದೇಶದಲ್ಲಿ ವರ್ಷಕ್ಕೆ 140 ಕೋಟಿ ಕಾಗದ ಓಡಾಡುತ್ತಿತ್ತು. 2024ರಲ್ಲಿ 11 ಕೋಟಿ. ಸರ್ಕಾರದ ನೋಟೀಸು, ಆಸ್ಪತ್ರೆಯ ತಾರೀಕು, ಬ್ಯಾಂಕಿನ ಲೆಕ್ಕ ಎಲ್ಲವೂ ಮೊಬೈಲಿಗೆ ಬಂತು. ಬಸ್ಸಿಗೆ ಜನವೇ ಇಲ್ಲದ ಮೇಲೆ ಪರ್ಮಿಟ್ ಯಾರಿಗೆ ಕೊಟ್ಟರೆ ಎಂತ?

ಬಸ್ಸಿನವರು: ಅದು ಸರಿ. ಆದರೆ ಪರ್ಮಿಟ್ ಅಂತ ನೀವೇ ಬಾಯಿ ತೆರೆದಿರಿ. ನಿಮ್ಮ ಇಲಾಖೆಗೆ ಅಷ್ಟು ವರ್ಷ ಎದುರಾಳಿಯೇ ಇರಲಿಲ್ಲ. ನಮಗೆ? ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಹೊರಟರೆ ನನ್ನ ಮುಂದಿನ ಬಸ್ಸು ಎರಡು ನಿಮಿಷದ ಹಿಂದೆ, ಹಿಂದಿನ ಬಸ್ಸು ಎರಡು ನಿಮಿಷದ ನಂತರ. ಅರ್ಧ ನಿಮಿಷ ತಡವಾದರೆ ಟೈಮ್ ಕೀಪರ್ ಎದುರು ಕಂಡಕ್ಟರುಗಳು ಅಂಗಿ ಹಿಡಿಯುತ್ತಿದ್ದರು. ಅದಕ್ಕೇ ನಮ್ಮ ಬಸ್ಸು ಕೈ ತೋರಿಸಿದಲ್ಲಿ ನಿಲ್ಲುತ್ತದೆ. ನೀವು ಬಾಗಿಲು ಹಾಕಿ ಊಟಕ್ಕೆ ಹೋಗುತ್ತೀರಿ.

ಟಪಾಲಿನವರು: ಊಟ ಮಾಡುವುದು ತಪ್ಪಾ?

ಬಸ್ಸಿನವರು: ಊಟ ಮಾಡಿ. ಬಾಗಿಲು ಹಾಕಬೇಡಿ.

ಟಪಾಲಿನವರು: ಒಪ್ಪಿದೆ. ಆದರೆ ಎದುರಾಳಿ ಇರಲಿಲ್ಲ ಅನ್ನುವುದು ಕಾನೂನಿನ ಪುಸ್ತಕದ ಮಾತು, ರಸ್ತೆಯದ್ದಲ್ಲ. ಕಂಪನಿ ಸರ್ಕಾರ 1837ರಲ್ಲೇ ಒಂದು ಕಾಯಿದೆ ಮಾಡಿತ್ತು, ಹಣ ತೆಗೆದುಕೊಂಡು ಕಾಗದ ಒಯ್ಯುವ ಹಕ್ಕು ಸರ್ಕಾರಕ್ಕೆ ಮಾತ್ರ ಅಂತ. ಆಗ ಅಂಚೆ ಬಡವರಿಗಲ್ಲ. ದೂರ ಹೆಚ್ಚಾದ ಹಾಗೆ ದರ ಏರುತ್ತಿತ್ತು, ಕಲ್ಕತ್ತೆಯಿಂದ ಮುಂಬೈಗೆ ಒಂದು ತೊಲ ಕಾಗದಕ್ಕೆ ಒಂದು ರೂಪಾಯಿ. 1843ರಲ್ಲಿ ಇಲ್ಲಿ ಮೊಗ್ಲಿಂಗ್ ಸಾಹೇಬರು 'ಮಂಗಳೂರು ಸಮಾಚಾರ' ಶುರು ಮಾಡಿದಾಗಲೂ ಹಾಗೆಯೇ. ಪೇಪರಿನ ಕ್ರಯ ದುಡ್ಡಿನ ಲೆಕ್ಕದಲ್ಲಿ, ಊರಿಂದೂರಿಗೆ ಟಪಾಲಿನ ಕ್ರಯ ಆಣೆಯ ಲೆಕ್ಕದಲ್ಲಿ. 1854ರಲ್ಲಿ ಡಾಲ್‌ಹೌಸಿಯ ಕಾಲಕ್ಕೆ ಅರ್ಧ ಆಣೆಯ ಏಕರೂಪದ ದರ ಬಂತು. ಆಚೆ ಬೀದಿಗೆ ಹೋದರೂ ಅರ್ಧ ಆಣೆ, ಪೇಶಾವರಕ್ಕೆ ಹೋದರೂ ಅರ್ಧ ಆಣೆ. ಇಡೀ ಕಥೆ ಇರುವುದು ಅಲ್ಲಿ.

ಬಸ್ಸಿನವರು: ಅಂದರೆ ಬೀದಿಗೆ ಕಾಗದ ಹಾಕುವವನ ಕೈಯಿಂದ ಕಿತ್ತು ಪೇಶಾವರದವನಿಗೆ ಕೊಡುವುದು.

ಟಪಾಲಿನವರು: ನೀವೂ ಅದನ್ನೇ ಮಾಡುತ್ತಿದ್ದಿರಿ. ಬೆಳಗ್ಗೆ ಎಂಟರ ಟ್ರಿಪ್ಪಿನ ಕಲೆಕ್ಷನ್ನಿನಲ್ಲಿ ರಾತ್ರಿ ಎಂಟರ ಟ್ರಿಪ್ಪಿನ ಡೀಸೆಲ್.

ಬಸ್ಸಿನವರು: (ನಗುತ್ತಾ) ಅದೊಂದು ನಿಜ.

ಟಪಾಲಿನವರು: ಹಾಗೆ ತೂಗಿಸಬೇಕಾದರೆ ಬೆಳಗ್ಗೆ ಎಂಟರ ಟ್ರಿಪ್ಪು ನನ್ನದೇ ಆಗಿರಬೇಕು. ಅದಕ್ಕೇ 1898ರ ಅಂಚೆ ಕಚೇರಿ ಕಾಯಿದೆಯ ನಾಲ್ಕನೇ ಸೆಕ್ಷನ್ನು. ಕಾಗದ ಒಯ್ಯುವುದು ಇಲಾಖೆಯ ಏಕಸ್ವಾಮ್ಯ. ಆದರೆ 'ಕಾಗದ' ಅಂದರೆ ಎಂತ ಅಂತ ಆ ಕಾಯಿದೆ ಬಿಡಿಸಿ ಹೇಳಲೇ ಇಲ್ಲ. ಕೊರಿಯರಿನವರು ಬಂದರು, ರಶೀದಿಯಲ್ಲಿ 'ಡಾಕ್ಯುಮೆಂಟ್' ಅಂತ ಬರೆದರು, ಮುಗಿಯಿತು. ಬ್ಲೂ ಡಾರ್ಟ್ ಶುರುವಾದದ್ದು 1983ರಲ್ಲಿ, ಡಿಟಿಡಿಸಿ ಬೆಂಗಳೂರಿನಲ್ಲಿ 1990ರಲ್ಲಿ. ನಾವು 1986ರಲ್ಲಿ ಸ್ಪೀಡ್ ಪೋಸ್ಟ್ ತೆಗೆದದ್ದು ಯಾರನ್ನು ನೋಡಿ ಅಂತ ಬೇರೆ ಹೇಳಬೇಕಾ? ಹಂಪನಕಟ್ಟೆಯ ಬ್ಯಾಂಕುಗಳ ಟಪಾಲೆಲ್ಲ ನನ್ನ ಕಣ್ಣೆದುರೇ ಅವರ ಚೀಲಕ್ಕೆ ಹೋಯಿತು. ನಾವು ನಾಲ್ಕನೇ ಸೆಕ್ಷನ್ನು ಹಿಡಿದುಕೊಂಡು ನೋಡುತ್ತಾ ಕೂತೆವು.

ಬಸ್ಸಿನವರು: ಯುರೋಪಿನವರೂ ಹೀಗೆ ಡಾಕ್ಯುಮೆಂಟ್ ಅಂತ ಬರೆದು ಒಳಗೆ ಬಂದದ್ದಾ?

ಟಪಾಲಿನವರು: ಅವರದ್ದು ಲೆಕ್ಕಾಚಾರದ ಕೆಲಸ. ಸ್ವೀಡನ್ 1993ರಲ್ಲೇ ಬಾಗಿಲು ತೆರೆಯಿತು. ಆಮೇಲೆ ಐರೋಪ್ಯ ಒಕ್ಕೂಟ 1997ರಲ್ಲಿ ಎಲ್ಲ ದೇಶಕ್ಕೂ ಒಂದು ನಿಯಮ ಮಾಡಿತು. 350 ಗ್ರಾಮಿನವರೆಗಿನ ಕಾಗದವನ್ನು ಸರ್ಕಾರದ ಅಂಚೆಗೆ ಇಟ್ಟುಕೊಳ್ಳಬಹುದು, ಅದಕ್ಕಿಂತ ಭಾರದ್ದು ಎಲ್ಲರಿಗೂ. 2003ಕ್ಕೆ ಆ ಗೆರೆ ನೂರು ಗ್ರಾಮಿಗೆ ಇಳಿಯಿತು, 2006ಕ್ಕೆ ಐವತ್ತಕ್ಕೆ. 2010ರ ಕೊನೆಗೆ ಗೆರೆಯೇ ಇಲ್ಲ. ಕೆಲವು ದೇಶಗಳಿಗೆ ಇನ್ನೆರಡು ವರ್ಷ ಗಡು ಸಿಕ್ಕಿತು.

ಬಸ್ಸಿನವರು: ಕಡಲು ಮರಳು ಎಳೆಯುವ ಹಾಗೆ. ಮತ್ತೆ ಎಂತ ಆಯಿತು, ಎಷ್ಟು ಜನ ಬಂದರು?

ಟಪಾಲಿನವರು: ಬಂದವರು ಎಲ್ಲಿಗೆ ಬಂದರು ಅಂತ ಕೇಳಿ. ಸ್ವೀಡನ್ನಿನ ಸಿಟಿಮೇಲ್ ಹೆಸರಿನಲ್ಲೇ ಉತ್ತರ ಉಂಟು. ಬ್ಯಾಂಕಿನ ಬಿಲ್ಲು, ಜಾಹೀರಾತು ಇಂಥದ್ದನ್ನು ಮೊದಲೇ ವಿಂಗಡಿಸಿ ರಾಶಿಗಟ್ಟಲೆ ಕೊಡುವ ಗಿರಾಕಿ, ಸ್ಟಾಕ್‌ಹೋಮಿನ ಹಾಗೆ ಒತ್ತೊತ್ತಾದ ಮನೆಗಳು, ದಿನಾ ಅಲ್ಲ, ಕೆಲವೇ ದಿನ. ಕೆನೆ ಅವರಿಗೆ. ಹಿಮದಲ್ಲಿ ಇಪ್ಪತ್ತು ಮೈಲಿ ಆಚೆಯ ಒಂಟಿ ಮನೆ ಹಳೆಯ ಅಂಚೆಗೆ. ಹಾಲೆಂಡಿನಲ್ಲಿ ಸ್ಯಾಂಡ್ ಅಂತ ಒಂದು ಕಂಪನಿ ಬಂತು, ವಾರಕ್ಕೆ ಎರಡೇ ದಿನ ಹಂಚುವುದು, ಹಂಚಲಿಕ್ಕೆ ಅರೆಕಾಲದವರು. ಹತ್ತಿಪ್ಪತ್ತು ವರ್ಷ ಜಿದ್ದಿನಿಂದ ಓಡಿತು. 2019ರಲ್ಲಿ ಹಳೆಯ ಪೋಸ್ಟ್‌ಎನ್‌ಎಲ್ ಅದನ್ನು ನುಂಗಲಿಕ್ಕೆ ಹೊರಟಿತು. ಸ್ಪರ್ಧೆ ಕಾಯುವ ಅಲ್ಲಿಯ ಪ್ರಾಧಿಕಾರ ಬೇಡ ಅಂದರೂ ಸರ್ಕಾರವೇ ಒಪ್ಪಿಗೆ ಕೊಟ್ಟಿತು. ಒಂದು ಬಸ್ಸು, ಎರಡು ಬಸ್ಸು, ಮತ್ತೆ ಒಂದೇ ಬಸ್ಸು.

ಬಸ್ಸಿನವರು: ಇದು ನಮ್ಮಲ್ಲೂ ಆಗಿದೆ. ಎರಡು ಕಂಪನಿ ಟೈಮಿಂಗಿಗೆ ಬಡಿದಾಡಿ, ಕೊನೆಗೆ ಒಬ್ಬ ಇನ್ನೊಬ್ಬನ ಪರ್ಮಿಟ್ಟನ್ನೇ ಕೊಂಡುಕೊಂಡದ್ದು. ಇಂಗ್ಲೆಂಡ್?

ಟಪಾಲಿನವರು: ಅಲ್ಲಿ ಇನ್ನೂ ಚಂದ. ಎದುರಾಳಿ ಕಂಪನಿ ಗಿರಾಕಿಯಿಂದ ಕಾಗದ ಎತ್ತುತ್ತದೆ, ವಿಂಗಡಿಸುತ್ತದೆ, ಆಮೇಲೆ ತಂದು ರಾಯಲ್ ಮೇಲಿನ ಕೈಗೇ ಕೊಡುತ್ತದೆ. ಮನೆ ಬಾಗಿಲಿಗೆ ಹೋಗುವವ ಅದೇ ಹಳೆಯ ಪೋಸ್ಟ್‌ಮ್ಯಾನ್. ವಿಸ್ಲ್ ಅಂತ ಒಂದು ಕಂಪನಿ ತಾನೇ ಬಾಗಿಲಿನವರೆಗೆ ಹೋಗ್ತೇನೆ ಅಂತ ಹೊರಟು 2015ರಲ್ಲಿ ಕೈಬಿಟ್ಟಿತು. ರಾಯಲ್ ಮೇಲನ್ನು 2013ರಲ್ಲಿ ಸರ್ಕಾರ ಶೇರಿಗೆ ಬಿಟ್ಟಿತು, ಈಗ ಅದು ಝೆಕ್ ದೇಶದ ಒಬ್ಬ ಸಾಹುಕಾರನದ್ದು. 2025ರ ಜುಲೈಯಿಂದ ಎರಡನೇ ದರ್ಜೆಯ ಕಾಗದಕ್ಕೆ ಶನಿವಾರ ಬಟವಾಡೆ ಇಲ್ಲ, ಉಳಿದ ದಿನಗಳಲ್ಲೂ ದಿನ ಬಿಟ್ಟು ದಿನ.

ಬಸ್ಸಿನವರು: ನೀವು ಸೋತವರ ಪಟ್ಟಿ ಓದುತ್ತಿದ್ದೀರಿ. ಗೆದ್ದವರು ಇಲ್ಲವಾ?

ಟಪಾಲಿನವರು: ಇದ್ದಾರೆ. ಜರ್ಮನಿಯ ಅಂಚೆ. ಬಾಗಿಲು ತೆರೆಯುವ ಮೊದಲೇ ಅದು ಲೋಕ ತಿರುಗಲಿಕ್ಕೆ ಹೊರಟು 2002ರ ಹೊತ್ತಿಗೆ ಡಿಎಚ್‌ಎಲ್ಲನ್ನು ಪೂರ್ತಿ ಕೊಂಡುಕೊಂಡಿತು, ಎರಡು ಮೂರು ವರ್ಷದಲ್ಲಿ ಡಿಎಚ್‌ಎಲ್ ನಮ್ಮ ಬ್ಲೂ ಡಾರ್ಟಿನ ದೊಡ್ಡ ಪಾಲು ಕೊಂಡಿತು. ಈಗ ನೋಡಿ, ಬಲ್ಮಠದಲ್ಲಿ ನೀವು ಸರ್ಕಾರದ ಪೋಸ್ಟು ಬೇಡ ಅಂತ ಬ್ಲೂ ಡಾರ್ಟಿಗೆ ಕೊಟ್ಟ ಕವರು ಒಂದು ಲೆಕ್ಕದಲ್ಲಿ ಜರ್ಮನಿಯವರ ಅಂಚೆಯಲ್ಲಿ ಹಾಕಿದ್ದು.

ಬಸ್ಸಿನವರು: ಇದೊಂದು ಒಳ್ಳೆಯದು ಹೇಳಿದಿರಿ. ಅಂದರೆ ಸರ್ಕಾರಿ ಅಂಚೆಗೂ ತಾಕತ್ತು ಉಂಟು, ಬೆನ್ನಿಗೆ ಚೂರು ಕಡ್ಡಿ ತಾಗಿಸಿದರೆ.

ಟಪಾಲಿನವರು: ಕಡ್ಡಿ ಯಾರಿಗೆ ತಾಗುತ್ತದೆ ಅಂತಲೂ ನೋಡಬೇಕಲ್ಲ. ಜರ್ಮನಿಯಲ್ಲಿ ಏಕಸ್ವಾಮ್ಯ ಮುಗಿದದ್ದು 2008ರ ಜನವರಿ 1ಕ್ಕೆ. ಅದೇ ಹೊತ್ತಿಗೆ ಕಾಗದ ಹಂಚುವವರಿಗೆ ಗಂಟೆಗೆ ಇಷ್ಟು ಕೊಡಲೇಬೇಕು ಅಂತ ಕನಿಷ್ಠ ಕೂಲಿ ಗೊತ್ತು ಮಾಡಿದರು. ದೊಡ್ಡ ಎದುರಾಳಿ ಪಿನ್ ಕಂಪನಿ ಆ ವರ್ಷವೇ ದಿವಾಳಿ ಎದ್ದಿತು. ಅಲ್ಲಿಗೆ ಗುಟ್ಟು ರಟ್ಟು. ಅಗ್ಗ ಆದದ್ದು ಯಂತ್ರದಿಂದ ಅಲ್ಲ, ಹಂಚುವವನ ಸಂಬಳದಿಂದ.

ಬಸ್ಸಿನವರು: ಮಾಸ್ಟ್ರೇ, ಬೇರೆ ಊರಿನದ್ದು ಸಾಕು. ನಮ್ಮ ಜಿಲ್ಲೆಗೆ ಬನ್ನಿ. ಈ ಜಿಲ್ಲೆಯನ್ನು ಓಡಿಸಿದ್ದು ಖಾಸಗಿಯವರು. 1914ರಲ್ಲಿ ಸಿಪಿಸಿ ಕಂಪನಿ ಬಸ್ಸು ಬಿಟ್ಟಿತು, ಆಮೇಲೆ ಎಷ್ಟು ಕಂಪನಿ! ಸರ್ಕಾರದ ಬಸ್ಸು ಕಣ್ಣಿಗೆ ಬೀಳದ ಊರಿಗೂ ನಮ್ಮ ಬಸ್ಸು ಹೋಯಿತು. ನಿಮ್ಮ ಟಪಾಲು ಚೀಲ ಹೋದದ್ದೂ ನಮ್ಮ ಬಸ್ಸಿನ ಟಾಪಿನ ಮೇಲೆಯೇ. ಬ್ಯಾಂಕು? ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲೇ ಪಿಗ್ಮಿ ಶುರು ಮಾಡಿ, ದಿನಕ್ಕೆ ಎರಡಾಣೆ ವಸೂಲಿಗೆ ಅಂಗಡಿ ಅಂಗಡಿ, ಮನೆ ಮನೆ ತಿರುಗಿದರು. ಆಗ ಅದು ಸರ್ಕಾರದ ಬ್ಯಾಂಕು ಆಗಿರಲಿಲ್ಲ. ಖಾಸಗಿಯವ ಮೂಲೆಯ ಮನೆಗೆ ಹೋಗುವುದಿಲ್ಲ ಅಂತ ಘಟ್ಟದ ಮೇಲಿನವರು ಹೇಳಲಿ. ನಮ್ಮ ಊರಿನಲ್ಲಿ ಕೂತು ನೀವು ಹೇಳಬೇಡಿ.

ಟಪಾಲಿನವರು: ಈ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಒಂದು ಪ್ರಶ್ನೆ ಉಂಟು. ಘಟ್ಟದ ಬುಡದ ದಿಡುಪೆಗೆ ಹೋಗುತ್ತಿದ್ದ ನಿಮ್ಮ ರಾತ್ರಿ ಟ್ರಿಪ್ಪು ಈಗ ಎಲ್ಲಿ?

ಬಸ್ಸಿನವರು: ಕಟ್ಟು. ಕೊರೊನಾದಲ್ಲಿ ನಿಂತದ್ದು ಮತ್ತೆ ಏಳಲಿಲ್ಲ.

ಟಪಾಲಿನವರು: ಎಷ್ಟು ಜನ ಇರುತ್ತಿದ್ದರು?

ಬಸ್ಸಿನವರು: ಕೊನೆಯ ಸ್ಟಾಪಿಗೆ ಮುಟ್ಟುವಾಗ ಐದಾರು ಜನ. ಬಟ್ಟೆ ಅಂಗಡಿಯ ಹುಡುಗಿಯರು ಇಬ್ಬರು, ಒಬ್ಬ ಮೇಸ್ತ್ರಿ. ಅಪ್ಪ ಇರುವಷ್ಟು ಕಾಲ ಆ ಟ್ರಿಪ್ಪು ಮುಟ್ಟಲಿಕ್ಕೆ ಬಿಡಲಿಲ್ಲ. "ಬೆಳಗ್ಗೆ ಪೇಟೆಗೆ ತಂದು ಹಾಕಿದವರನ್ನು ರಾತ್ರಿ ಮನೆಗೆ ಮುಟ್ಟಿಸದಿದ್ದರೆ ನಾಳೆ ಅವರು ಬೆಳಗ್ಗೆಯೂ ಹತ್ತುವುದಿಲ್ಲ" ಅಂತ ಅವರ ವಾದ. ಧರ್ಮ ಅಲ್ಲ ಅದು, ವ್ಯಾಪಾರವೇ. ಆಮೇಲೆ ಎಲ್ಲರೂ ಸ್ಕೂಟಿ ತೆಗೆದುಕೊಂಡರು, ಡೀಸೆಲ್ ನೂರರ ಹತ್ತಿರ ಹೋಯಿತು, ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿರುವ ರೂಟಿನಲ್ಲಿ ಹೆಂಗಸರು ನಮಗೆ ಕೈ ತೋರಿಸುವುದನ್ನೂ ಬಿಟ್ಟರು. ಅಪ್ಪನ ಲೆಕ್ಕ ನಡೆಯುವ ಕಾಲ ಹೋಯಿತು.

ಟಪಾಲಿನವರು: ನಾನು ಕೇಳಿದ್ದು ನಿಮ್ಮನ್ನು ಸೋಲಿಸಲಿಕ್ಕಲ್ಲ.

ಬಸ್ಸಿನವರು: ಗೊತ್ತುಂಟು. ಆದರೆ ಶಕ್ತಿಯಲ್ಲೇ ಒಂದು ಉತ್ತರ ಉಂಟು ನೋಡಿ. ಹೆಂಗಸರಿಗೆ ಟಿಕೇಟು ಇಲ್ಲ ಅಂತ ಸರ್ಕಾರ ಹೇಳಿತು, ಆ ಟಿಕೇಟಿನ ಹಣವನ್ನು ನಿಗಮಕ್ಕೆ ತಾನು ಕೊಡುತ್ತೇನೆ ಅಂದಿತು. ತಡವಾಗಿ ಕೊಡುತ್ತದೆ, ಅದು ಬೇರೆ. ಹಾಗೆಯೇ ಟಪಾಲಿಗೂ ಮಾಡಲಿ. ದಿಡುಪೆಯ ಮನೆಮನೆಗೆ ಕಾಗದ ಮುಟ್ಟಿಸಲಿಕ್ಕೆ ಯಾರು ಕಡಿಮೆಗೆ ಒಪ್ಪುತ್ತಾರೋ ಅವರಿಗೆ ಟೆಂಡರು. ಬೆಳಗ್ಗೆಯ ಟ್ರಿಪ್ಪನ್ನು ಬೇಲಿ ಹಾಕಿ ಕಾಯುವುದು ಯಾಕೆ?

ಟಪಾಲಿನವರು: ಯುರೋಪಿನ ಕಾನೂನಿನಲ್ಲಿ ಅದಕ್ಕೂ ಜಾಗ ಉಂಟು. ಬೊಕ್ಕಸದಿಂದ ಕೊಡಿ, ಟೆಂಡರು ಕರೆಯಿರಿ, ಇಲ್ಲವಾದರೆ ಎಲ್ಲ ಕಂಪನಿಗಳಿಂದ ವಂತಿಗೆ ಎತ್ತಿ ಒಂದು ನಿಧಿ ಮಾಡಿ. ದಾರಿ ಯಾವುದಾದರೂ ಆಗಲಿ, ಆದರೆ ಅವರು ಒಂದು ಕೆಲಸ ಬಿಡಲಿಲ್ಲ. ಏಕಸ್ವಾಮ್ಯ ತೆಗೆಯುವಾಗ ಕರ್ತವ್ಯವನ್ನು ಅಕ್ಷರದಲ್ಲಿ ಬರೆದಿಟ್ಟರು. ವಾರಕ್ಕೆ ಕಡಿಮೆ ಅಂದರೆ ಐದು ದಿನ ಡಬ್ಬ ತೆರೆಯಬೇಕು, ಐದು ದಿನ ಮನೆಗೆ ಮುಟ್ಟಿಸಬೇಕು. ಈಗ ಒಂದೊಂದೇ ದೇಶ ಅದನ್ನು ಸಡಿಲ ಮಾಡುತ್ತಿದೆ. ಡೆನ್ಮಾರ್ಕ್ 2024ರ ಕಾನೂನಿನಲ್ಲಿ ಆ ಹಳೆಯ ಕಟ್ಟುಪಾಡನ್ನೇ ತೆಗೆದುಹಾಕಿತು. ಸಡಿಲ ಮಾಡಲಿಕ್ಕಾದರೂ ಅಲ್ಲಿ ಬರೆದದ್ದು ಒಂದು ಇತ್ತು.

ಬಸ್ಸಿನವರು: ನಮ್ಮಲ್ಲಿ?

ಟಪಾಲಿನವರು: ನಮ್ಮಲ್ಲಿ 1898ರ ಕಾಯಿದೆ ಹೋಯಿತು. ಹೊಸ ಅಂಚೆ ಕಚೇರಿ ಕಾಯಿದೆ 2023ರ ಡಿಸೆಂಬರಿನಲ್ಲಿ ಪಾಸಾಗಿ 2024ರ ಜೂನ್ 18ಕ್ಕೆ ಜಾರಿಗೆ ಬಂತು. ಕಾಗದದ ಏಕಸ್ವಾಮ್ಯ ಅದರಲ್ಲಿ ಇಲ್ಲ. ಸ್ಟಾಂಪು ಹೊರಡಿಸುವ ಹಕ್ಕು ಮಾತ್ರ ಅಂಚೆಗೆ ಉಳಿಯಿತು. ಟಪಾಲನ್ನು ತಡೆದು ನೋಡುವ ಅಧಿಕಾರವನ್ನು ಮರೆಯದೆ ಇಟ್ಟುಕೊಂಡಿದ್ದಾರೆ. ಅದೂ ಹಳೆಯ ಚಾಳಿಯೇ, ಮೈಸೂರಿನ ಚಿಕ್ಕದೇವರಾಜರ ಅಂಚೆಯವರಿಗೂ ಕಾಗದ ಒಯ್ಯುವುದರ ಜೊತೆಗೆ ಊರ ಸುದ್ದಿ ಅರಮನೆಗೆ ಮುಟ್ಟಿಸುವ ಕೆಲಸ ಇತ್ತಂತೆ. ಆದರೆ ಇಂಥ ಊರಿಗೆ ವಾರಕ್ಕೆ ಇಷ್ಟು ದಿನ ಟಪಾಲು ಕೊಡಲೇಬೇಕು ಅನ್ನುವ ಒಂದು ಸಾಲು ಆ ಕಾಯಿದೆಯಲ್ಲಿ ಇಲ್ಲ.

ಬಸ್ಸಿನವರು: ಹಳೆಯದರಲ್ಲಿ ಇತ್ತಾ?

ಟಪಾಲಿನವರು: ಅದರಲ್ಲೂ ಇರಲಿಲ್ಲ. ಬರೆಯದೆಯೇ ಮಾಡುತ್ತಿದ್ದೆವು. ಹಕ್ಕು ಬರೆದಿತ್ತು, ಅದನ್ನು ನಡೆಸಲಿಲ್ಲ. ಕರ್ತವ್ಯ ಬರೆದಿರಲಿಲ್ಲ, ಅದನ್ನು ನಡೆಸಿದೆವು. ಈಗ ಬರೆದದ್ದನ್ನು ಅಳಿಸಿದರು. ಬರೆಯದೇ ಇದ್ದದ್ದನ್ನು ಯಾರು ಅಳಿಸಿದರೂ ಗೊತ್ತಾಗುವುದಿಲ್ಲ.

ಬಸ್ಸಿನವರು: ಅಳಿಸುತ್ತಾರೆ ಅಂತ ಯಾಕೆ ಹೆದರುವುದು? ಒಂದು ಲಕ್ಷದ ಅರವತ್ತು ಸಾವಿರಕ್ಕೂ ಮೇಲೆ ಪೋಸ್ಟಾಫೀಸು ಉಂಟಲ್ಲ ದೇಶದಲ್ಲಿ.

ಟಪಾಲಿನವರು: ಉಂಟು, ಹೆಚ್ಚಿನದೆಲ್ಲ ಹಳ್ಳಿಯಲ್ಲೇ. ಆದರೆ ಸಣ್ಣ ಸಣ್ಣದು ಹೋಗುವ ರೀತಿ ನೋಡಿ. 2024ರ ಡಿಸೆಂಬರಿನಲ್ಲಿ ಪುಸ್ತಕದ ರಿಜಿಸ್ಟರ್ಡ್ ಬುಕ್‌ಪೋಸ್ಟ್ ಏಕಾಏಕಿ ನಿಂತಿತು. ಕನ್ನಡದ ಸಣ್ಣ ಪ್ರಕಾಶಕರು ನೂರೈವತ್ತು ರೂಪಾಯಿಯ ಕವನ ಸಂಕಲನ ಕಳಿಸಲಿಕ್ಕೆ ಅರ್ಧ ಕ್ರಯ ಟಪಾಲಿಗೆ ಹಾಕುವ ಹಾಗಾಯಿತು. ಕೂಗಾಡಿದ ಮೇಲೆ 2025ರ ಮೇಯಲ್ಲಿ 'ಜ್ಞಾನ ಪೋಸ್ಟ್' ಬಂತು, 300 ಗ್ರಾಮಿಗೆ 20 ರೂಪಾಯಿ, ಐದು ಕಿಲೋಗೆ ನೂರು. ಒಳ್ಳೆಯದೇ. ಆ ಸೆಪ್ಟೆಂಬರ್ 1ಕ್ಕೆ ರಿಜಿಸ್ಟರ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದರು. ಅಕ್ಟೋಬರಿನಿಂದ ಪರವೂರಿಗೆ ಐವತ್ತು ಗ್ರಾಮಿನ ಸ್ಪೀಡ್ ಪೋಸ್ಟಿಗೆ 47 ರೂಪಾಯಿ, ಮೇಲಿಂದ ತೆರಿಗೆ. ಬಿಜೈಯ ವಕೀಲರಿಗೆ ಅದು ಲೆಕ್ಕವಲ್ಲ. ಜಾಗದ ತಕರಾರಿಗೆ ನೋಟೀಸು ಕಳಿಸುವ ಬೀಡಿ ಕಟ್ಟುವ ಹೆಂಗಸಿಗೆ ಲೆಕ್ಕವೇ. ಒಂದೊಂದು ನಿರ್ಧಾರಕ್ಕೂ ಕಾರಣ ಇರುತ್ತದೆ. ನಾನೇ ಆ ಕುರ್ಚಿಯಲ್ಲಿ ಇದ್ದರೂ ರುಜು ಹಾಕುತ್ತಿದ್ದೆನೋ ಏನೋ. ಐವತ್ತು ಪೈಸೆಯ ಕಾರ್ಡನ್ನು ಮುಟ್ಟಿಸಲಿಕ್ಕೆ ಇಲಾಖೆಗೆ ಹನ್ನೆರಡು ರೂಪಾಯಿ ಬೀಳುತ್ತದೆ ಅಂತ ಅವರದೇ ವರದಿ ವರ್ಷಗಳ ಹಿಂದೆ ಹೇಳಿತ್ತು.

ಬಸ್ಸಿನವರು: ಆ ಹನ್ನೆರಡು ರೂಪಾಯಿ ಎಲ್ಲಿಗೆ ಹೋಗುತ್ತದೆ? ಅದನ್ನು ಹೇಳಿ.

ಟಪಾಲಿನವರು: ಕಾಲಿಗೆ. ನಡೆಯುವ ಕಾಲಿಗೆ. ಘಟ್ಟದ ಮೇಲೆ ಊರು ಅಂದರೆ ಮನೆಗೆ ಮನೆ ತಾಗಿ ಇರುತ್ತದೆ, ಒಂದು ಕಟ್ಟೆಯಲ್ಲಿ ಕೂತು ಕೂಗಿದರೆ ಅರ್ಧ ಊರಿಗೆ ಬಟವಾಡೆ ಆಯಿತು. ನಮ್ಮಲ್ಲಿ ಹಾಗುಂಟಾ? ಒಂದು ತೋಟಕ್ಕೆ ಒಂದು ಮನೆ. ನಡುವೆ ಗುಡ್ಡ, ಗದ್ದೆ, ತೋಡು. ನಾನು ಚಾರ್ಮಾಡಿಯ ಬುಡದಲ್ಲಿ ಇದ್ದಾಗ ನನ್ನ ಕೈಕೆಳಗೆ ಒಬ್ಬ ಟಪಾಲಿನವ ಇದ್ದ, ಆಗಿನ ಭಾಷೆಯಲ್ಲಿ 'ಇಡಿ', ಇಲಾಖೆಯ ಹೊರಗಿನವ ಅಂತ ಲೆಕ್ಕ. ಮಳೆಗಾಲದಲ್ಲಿ ಕಾಗದಗಳನ್ನು ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಂಗಿಯ ಒಳಗೆ ಹೊಟ್ಟೆಗೆ ಒತ್ತಿ ಇಟ್ಟುಕೊಳ್ಳುತ್ತಿದ್ದ. ತಲೆಗೆ ಹಾಳೆಯ ಮುಟ್ಟಾಳೆ, ಅದರ ಮೇಲೆ ಕೊಡೆ. ತೋಡಿಗೆ ಎರಡು ಅಡಿಕೆ ಮರ ಅಡ್ಡ ಹಾಕಿದ ಸಂಕ, ಹಿಡಿಯಲಿಕ್ಕೆ ಒಂದು ಬೀಳು. ಆಟಿ ತಿಂಗಳಲ್ಲಿ ಒಂದು ದಿನ ಸಂಕ ಬೊಳ್ಳಕ್ಕೆ ಹೋಗಿದೆ. ಆಚೆ ಮನೆಯ ಅಜ್ಜಿಗೆ ಮುಂಬೈಯಿಂದ ಮಗನ ಕಾರ್ಡು ಬಂದಿದೆ, ಇವನಲ್ಲಿ ಉಂಟು. ಎಂತ ಮಾಡಿದ ಹೇಳಿ?

ಬಸ್ಸಿನವರು: ವಾಪಸು ತಂದ.

ಟಪಾಲಿನವರು: ಈಚೆ ದಡದಲ್ಲಿ ನಿಂತು 'ಕೂ' ಹಾಕಿದ. ಅಜ್ಜಿ ಜಗಲಿಯಿಂದ ಅಂಗಳಕ್ಕೆ ಇಳಿದು ಬಂದರು. ಇವ ಕಾರ್ಡನ್ನು ದೊಡ್ಡ ಸ್ವರದಲ್ಲಿ ಓದಿದ. ಮಗ ಕ್ಷೇಮ, ಹೋಟೆಲಿನಲ್ಲಿ ಸಂಬಳ ಹೆಚ್ಚಾಗಿದೆ, ಚೌತಿಗೆ ಬರ್ತಾನೆ. ನೀರಿನ ಸದ್ದಿನಲ್ಲಿ ಅಜ್ಜಿಗೆ 'ಚೌತಿ' ಕೇಳಿಸಲಿಲ್ಲ, ಮೂರು ಸಲ ಕೂಗಿಸಿದರು. ಸಂಜೆ ಬಂದು ನನ್ನಲ್ಲಿ ಕೇಳುತ್ತಾನೆ, "ಸಾರ್, ಈ ಕಾರ್ಡು ಬಟವಾಡೆ ಆದ ಲೆಕ್ಕವಾ, ಬಾಕಿಯ ಲೆಕ್ಕವಾ?"

ಬಸ್ಸಿನವರು: ನೀವು ಎಂತ ಬರೆದಿರಿ?

ಟಪಾಲಿನವರು: ಬಾಕಿ ಅಂತ ಬರೆದೆ. ಕಾನೂನು. ನಾಲ್ಕು ದಿನ ಬಿಟ್ಟು ನೀರು ಇಳಿದ ಮೇಲೆ ಅದೇ ಕಾರ್ಡನ್ನು ಮತ್ತೆ ತೆಗೆದುಕೊಂಡು ಹೋಗಿ ಕೈಗೆ ಕೊಟ್ಟ.

ಬಸ್ಸಿನವರು: ಅವನಿಗೆ ಸಂಬಳ ಎಷ್ಟಿತ್ತು?

ಟಪಾಲಿನವರು: ಅದನ್ನೇ ನೀವು ಕೇಳಬಾರದಾಗಿತ್ತು.

ಬಸ್ಸಿನವರು: ಕೇಳಿಯೇ ಕೇಳುತ್ತೇನೆ. ಜರ್ಮನಿಯ ಕಂಪನಿ ಹಂಚುವವನ ಸಂಬಳ ತಿಂದಿತು ಅಂತ ಈಗ ತಾನೆ ಹೇಳಿದಿರಲ್ಲ. ಸರ್ಕಾರದ ಇಲಾಖೆ ಎಂತ ಮಾಡಿತು?

ಟಪಾಲಿನವರು: ಅದನ್ನೇ ಮಾಡಿತು. ಒಪ್ಪುತ್ತೇನೆ. ಈಗ ಹೆಸರು ಚಂದ ಮಾಡಿದ್ದಾರೆ, ಗ್ರಾಮೀಣ ಡಾಕ್ ಸೇವಕ. ದೇಶದಲ್ಲಿ ಸುಮಾರು ಎರಡೂವರೆ ಲಕ್ಷ ಜನ. ದಿನಕ್ಕೆ ನಾಲ್ಕೈದು ಗಂಟೆಯ ಕೆಲಸ ಅಂತ ಲೆಕ್ಕ, ಅದಕ್ಕೆ ಸಂಬಳ ಅಲ್ಲ, ಭತ್ಯೆ. 2018ರಲ್ಲಿ ಪರಿಷ್ಕರಣೆ ಆದಾಗ ನಾಲ್ಕು ಗಂಟೆಯ ಕೆಲಸಕ್ಕೆ ಮೂಲ ಹತ್ತು ಸಾವಿರ, ಬ್ರಾಂಚ್ ಪೋಸ್ಟ್‌ಮಾಸ್ಟರಿಗೆ ಹನ್ನೆರಡು ಸಾವಿರ, ಮೇಲಿಂದ ತುಟ್ಟಿಭತ್ಯೆ. ನಮ್ಮ ಹಾಗೆ ಪೆನ್ಶನ್ ಇಲ್ಲ. ಬ್ರಾಂಚ್ ಆಫೀಸಿಗೆ ಜಾಗ ಅವರೇ ಕೊಡಬೇಕು, ಅದಕ್ಕೇ ನಮ್ಮ ಕಡೆ ಪೋಸ್ಟಾಫೀಸು ಅಂದರೆ ಯಾರದಾದರೂ ಮನೆಯ ಜಗಲಿ. ಕೆಲಸಕ್ಕೆ ಸೇರುವಾಗ, ಜೀವನಕ್ಕೆ ತನಗೆ ಬೇರೆ ಆದಾಯ ಉಂಟು ಅಂತಲೂ ತೋರಿಸಬೇಕು.

ಬಸ್ಸಿನವರು: ಎಂತದು? ಕೆಲಸ ಕೊಡುವವನೇ, 'ಇದರಲ್ಲಿ ಹೊಟ್ಟೆ ತುಂಬುವುದಿಲ್ಲ, ಬೇರೆ ದಾರಿ ನೋಡಿಕೊಂಡು ಬಾ' ಅಂತ ನಿಯಮ ಮಾಡಿದ್ದಾ?

ಟಪಾಲಿನವರು: ಹೌದು. ತೋಟದಲ್ಲಿ ಸ್ವಲ್ಪ ಅಡಿಕೆ ಇರುವವ ಮಾತ್ರ ಟಪಾಲು ಹಂಚಬಹುದು.

ಬಸ್ಸಿನವರು: ಹಾಗಾದರೆ ಮಾಸ್ಟ್ರೇ, ಇಷ್ಟು ಹೊತ್ತು ನಾವು ಸುಮ್ಮನೆ ಬಡಿದಾಡಿದೆವು. ಆಚೆ ಬೀದಿಯ ಕಾಗದದ ಲಾಭದಲ್ಲಿ ಪೇಶಾವರದ ಕಾಗದ ಹೋಗುತ್ತಿತ್ತು ಅಂದಿರಿ. ಇಲ್ಲ. ಹಂಪನಕಟ್ಟೆಯ ಟಪಾಲು ಕೊರಿಯರಿನವರ ಚೀಲಕ್ಕೆ ಹೋಗಿ ಮೂವತ್ತು ವರ್ಷ ಆಯಿತು, ಆದರೂ ದಿಡುಪೆಗೆ ಕಾಗದ ಮುಟ್ಟುತ್ತಲೇ ಇತ್ತಲ್ಲ? ಬೆಳಗ್ಗೆಯ ಟ್ರಿಪ್ಪಿನ ಕಲೆಕ್ಷನ್ ಹೋದ ಮೇಲೂ ರಾತ್ರಿ ಟ್ರಿಪ್ಪು ಓಡಿದ್ದು ಹೇಗೆ? ಡ್ರೈವರಿಗೆ ಅರ್ಧ ಸಂಬಳ ಕೊಟ್ಟು. ಅವನ ತೋಟದ ಅಡಿಕೆಯಲ್ಲಿ ನಿಮ್ಮ ಟಪಾಲು ಓಡಿದ್ದು.

ಟಪಾಲಿನವರು: ಬೊಕ್ಕಸದಿಂದಲೂ ಬರುತ್ತದೆ, ಇಲಾಖೆಯ ನಷ್ಟ ವರ್ಷ ವರ್ಷ ಸಾವಿರಾರು ಕೋಟಿ. ಆದರೆ ನೀವು ಹೇಳಿದ್ದರಲ್ಲಿ ಸುಳ್ಳಿಲ್ಲ.

ಬಸ್ಸಿನವರು: ನಾಳೆ ಟೆಂಡರು ಕರೆದರೆ ಕಂಪನಿಯವನೂ ಅವನನ್ನೇ ಹುಡುಕಿಕೊಂಡು ಬರುತ್ತಾನೆ. ದಾರಿ ಗೊತ್ತಿರುವುದು ಅವನಿಗೆ ಮಾತ್ರ.

ಟಪಾಲಿನವರು: ಈಗಲೇ ಬರುತ್ತಿದ್ದಾರಲ್ಲ. ಆನ್‌ಲೈನಿನಲ್ಲಿ ತರಿಸಿದ ಸಾಮಾನು ಎಷ್ಟೋ ಮೂಲೆಯ ಊರುಗಳಿಗೆ ಇವತ್ತಿಗೂ ಅಂಚೆಯವನ ಕೈಯಲ್ಲೇ ಹೋಗುವುದು. ಪೇಟೆಯಲ್ಲಿ ಎಂಟು ಹುಡುಗರು ಬೈಕಿನಲ್ಲಿ ಒಂದೇ ಫ್ಲ್ಯಾಟಿಗೆ ಬರುತ್ತಾರೆ. ಮೊನ್ನೆ ಒಬ್ಬ ಕೊರಿಯರಿನವ ನಮ್ಮ ಮನೆಗೆ ಬಾರದೆಯೇ 'ಬಾಗಿಲು ಹಾಕಿತ್ತು' ಅಂತ ಮೆಸೇಜು ಕಳಿಸಿದ. ನಾನು ಜಗಲಿಯಲ್ಲಿ ಕೂತು ತೆಂಗಿನಕಾಯಿ ಸುಲಿಯುತ್ತಿದ್ದೆ. ಫೋನು ಮಾಡಿ ಬೈಯುವ ಅಂತ ಹೊರಟೆ. ಅವನಿಗೆ ಒಂದು ಪಾರ್ಸೆಲಿಗೆ ಎಷ್ಟು ಸಿಗುತ್ತದೆ ಅಂತ ಕೇಳಿದೆ. ಆಮೇಲೆ ಬೈಯಲಿಲ್ಲ.

ಬಸ್ಸಿನವರು: ಚಾ ಆರಿತು. ಇನ್ನೊಂದು ಹೇಳುವುದಾ?

ಟಪಾಲಿನವರು: ಬೇಡ. ನಿಮ್ಮ ಅಮ್ಮನ ಕಾಗದ ಮೊದಲು ಹಾಕುವ. ಕೌಂಟರಿನಲ್ಲಿ ತೂಕ ಮಾಡಿಸಿ ಸ್ಟಾಂಪು ತೆಗೆದುಕೊಳ್ಳಿ, ಅಂಟಿಸಿ, ಹೊರಗೆ ಕೆಂಪು ಡಬ್ಬದಲ್ಲಿ ಹಾಕಿದರಾಯಿತು.

ಬಸ್ಸಿನವರು: ಆಚೆ ಡೆನ್ಮಾರ್ಕಿನಲ್ಲಿ ಮಗಳು ಉತ್ತರ ಬರೆದರೆ?

ಟಪಾಲಿನವರು: ಡಬ್ಬ ಇಲ್ಲವಲ್ಲ. ಡಾವೋದವರು ಗೊತ್ತು ಮಾಡಿದ ಅಂಗಡಿಗೆ ತೆಗೆದುಕೊಂಡು ಹೋಗಿ ಕೊಡಬೇಕು. ಮನೆಗೆ ಬಂದು ಒಯ್ಯಬೇಕಾದರೆ ಹೆಚ್ಚಿಗೆ ಹಣ.

ಬಸ್ಸಿನವರು: ಅವಳು ಬರೆಯುವುದಿಲ್ಲ ಬಿಡಿ. ಕಾಗದದ ಫೋಟೋ ತೆಗೆದು 'ಅಜ್ಜಿ, ಮುಟ್ಟಿತು' ಅಂತ ವಾಟ್ಸಾಪ್ ಮಾಡುತ್ತಾಳೆ. ನಾನು ಅಮ್ಮನಿಗೆ ಓದಿ ಹೇಳಬೇಕು. ದೊಡ್ಡ ಸ್ವರದಲ್ಲಿ, ಮೂರು ಸಲ.

ಇಬ್ಬರೂ ಬಿಸಿಲಿಗೆ ಇಳಿದು ಪೋಸ್ಟಾಫೀಸಿಗೆ ಮರಳಿದರು. ಸ್ಟಾಂಪು ಅಂಟಿಸಿದ್ದು ಟಪಾಲಿನವರು, ನಾಲ್ಕು ಮೂಲೆಗೂ ಹೆಬ್ಬೆರಳು ಒತ್ತಿ. ಲಕೋಟೆ ಡಬ್ಬದ ಬಾಯಿಯೊಳಗೆ ಹೋದ ಮೇಲೂ ಬಸ್ಸಿನವರು ಅಲ್ಲಿಂದ ಕದಲಲಿಲ್ಲ. ಕನ್ನಡಕ ಏರಿಸಿ ಡಬ್ಬದ ಎದೆಯ ಮೇಲಿನ ತಗಡನ್ನು ಓದುತ್ತಿದ್ದರು.

ಬಸ್ಸಿನವರು: ಮುಂದಿನ ತೆರವು ಮೂರು ಗಂಟೆಗೆ ಅಂತ ಉಂಟು. ಈ ಟೈಮಿಂಗ್ ಗ್ಯಾರಂಟಿಯಾ?

ಟಪಾಲಿನವರು: ನನ್ನ ಕಾಲದಲ್ಲಿ ಗ್ಯಾರಂಟಿ.

ಬಸ್ಸಿನವರು: ಈಗ ಎರಡೂ ನಲ್ವತ್ತು. ಆ ನೆರಳಿಗೆ ಬನ್ನಿ. ನೋಡಿಯೇ ಹೋಗುವ.